ರಿಯಾಯಿತಿ: ಹುಲ್ಲುಗಾವಲಿನಿಂದ ಜವಳಿ ಅಂಗಡಿಗೆ

ಆಷಾಢ ಕಾಲಿಟ್ಟಿತೆಂದರೆ ಬೆಂಗಳೂರಿನ ಚಿಕ್ಕಪೇಟೆಯಲ್ಲೂ ಹುಬ್ಬಳ್ಳಿಯ ಜವಳಿ ಸಾಲಿನಲ್ಲೂ ಬ್ಯಾನರುಗಳು ಏರತೊಡಗುತ್ತವೆ. ಸೀರೆ, ಚೂಡಿದಾರ, ಮಕ್ಕಳ ಫ್ರಾಕು, ಮೀಟರ್ ಲೆಕ್ಕದಲ್ಲಿ ಅಳೆದು ಕೊಡುವ ಲೇಸು, ಹಾಸಿಗೆ ಹೊದಿಕೆ: ಸರಕು ಯಾವುದೇ ಇರಲಿ, ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದು ಒಂದೇ ಪದ. ರಿಯಾಯಿತಿ. ಬೆಲೆಯಲ್ಲಿ ಕಡಿತ ಎಂದು ನಾವು ಅದನ್ನು ಓದಿಕೊಳ್ಳುತ್ತೇವೆ, ಒಳಗೆ ಹೋಗುತ್ತೇವೆ. ಆದರೆ ಈ ಪದ ಅಂಗಡಿಯಲ್ಲಿ ಹುಟ್ಟಿದ್ದಲ್ಲ. ಅದು ಹುಟ್ಟಿದ ಜಾಗದಲ್ಲಿ ಬೆಲೆಯೂ ಇರಲಿಲ್ಲ, ಬಟ್ಟೆಯೂ ಇರಲಿಲ್ಲ. ಕುರಿಗಳಿದ್ದವು, ಹುಲ್ಲಿತ್ತು, ಅವುಗಳ ಮೇಲೆ ಕಣ್ಣಿಟ್ಟು ನಿಂತ ಒಬ್ಬ ಮನುಷ್ಯನಿದ್ದ.

ರಿಯಾಯಿತಿಯ ಬೇರು ಅರಬ್ಬಿಯದು. ಆ ಭಾಷೆಯ ಪದಗಳು ಹೆಚ್ಚಾಗಿ ಮೂರು ವ್ಯಂಜನಗಳ ಧಾತುವಿನಿಂದ ಕವಲೊಡೆಯುತ್ತವೆ. ಇಲ್ಲಿನ ಧಾತುವಿನಲ್ಲಿರುವುದು ರ, ಗಂಟಲಾಳದಿಂದ ಬರುವ ಐನ್, ಮತ್ತು ಯ. ಅರ್ಥ: ಮೇಯಿಸು, ಮಂದೆ ಕಾಯು. ಕಾಯುವವನು ‘ರಾಈ’. ಮೇಯುವ ಜಾಗ ‘ಮರ್‌ಆ’. ಮೇಯುವ ಮಂದೆ ‘ರಇಯ್ಯತ್’. ಕಾಯುವ ಆ ಕೆಲಸಕ್ಕೆ, ಅದರ ಹಿಂದಿನ ಎಚ್ಚರಕ್ಕೆ ಮತ್ತು ಕಾಳಜಿಗೆ ‘ರಿಆಯತ್’ ಎಂದು ಹೆಸರು. ಐನ್ ಎಂಬ ಧ್ವನಿ ಪಾರಸಿಯಲ್ಲೇ ಸಡಿಲಗೊಂಡಿತು, ಹಿಂದೂಸ್ತಾನಿಯಲ್ಲಿ ಬಹುಮಟ್ಟಿಗೆ ಬಿದ್ದೇಹೋಯಿತು. ಎರಡು ಸ್ವರಗಳು ಎದುರುಬದುರಾದಾಗ ನಡುವೆ ಯಕಾರ ತಂದುಕೊಳ್ಳುವುದು ಕನ್ನಡದ ಕಿವಿಗೆ ಹುಟ್ಟಿನಿಂದಲೇ ಬಂದ ಅಭ್ಯಾಸ. ಹಾಗಾಗಿ ರಿಯಾಯತ್ ಎಂಬ ರೂಪ ನಮಗೆ ಒಗ್ಗಿಕೊಳ್ಳುವುದು ಕಷ್ಟವಾಗಲಿಲ್ಲ. ಕೊನೆಯ ತಕಾರ ವ್ಯಂಜನಾಂತವಾಗಿ ನಿಲ್ಲುವುದು ಮಾತ್ರ ನಮ್ಮ ಬಾಯಿಗೆ ಒಗ್ಗದು. ಹಕೀಕತ್ ಹಕೀಕತ್ತಾದಂತೆ, ದೌಲತ್ ದೌಲತ್ತಾದಂತೆ ಇದೂ ಒಂದು ಸ್ವರ ಹಚ್ಚಿಕೊಳ್ಳಬೇಕಾಯಿತು. ಪಂಚಾಯತ್ ಪಂಚಾಯಿತಿಯಾದ ದಾರಿಯಲ್ಲೇ ರಿಯಾಯತ್ ರಿಯಾಯಿತಿಯಾಯಿತು. ಮಾತಿನಲ್ಲಿ ಇನ್ನಷ್ಟು ಕುಗ್ಗಿ ‘ರಿಯಾಯ್ತಿ’.

ಕುರಿ ಕಾಯುವ ಕೆಲಸದ ಪದ ಅರಮನೆಗೆ ಹೋದ ಬಗೆ ಕನ್ನಡದವರಿಗೆ ಅಚ್ಚರಿ ತರಬೇಕಿಲ್ಲ. ನಮ್ಮ ‘ಕಾಯು’ ಎಂಬ ಕ್ರಿಯಾಪದವನ್ನೇ ನೋಡಿ. ಕುರಿ ಕಾಯುತ್ತೇವೆ, ದನ ಕಾಯುತ್ತೇವೆ, ಹೊಲ ಕಾಯುತ್ತೇವೆ. ದೇವರು ಕಾಯಲಿ ಎಂದು ಕೈ ಮುಗಿಯುವುದೂ ಅದೇ ಪದದಿಂದ. ಸಂಸ್ಕೃತದ ‘ಪಾಲ’ ಗೋವಿಗೆ ಅಂಟಿದರೆ ಗೋಪಾಲ, ಭೂಮಿಗೆ ಅಂಟಿದರೆ ಭೂಪಾಲ. ಆಳುವವನನ್ನು ಮಂದೆ ಕಾಯುವವನಂತೆ ಕಾಣುವುದು ಪಶುಪಾಲನೆಯ ನೆನಪಿರುವ ಹಲವು ಸಮಾಜಗಳಲ್ಲಿ ಉಂಟು. ಇಸ್ಲಾಮಿನ ರಾಜನೀತಿ ಚಿಂತನೆಯಲ್ಲಿ ಅದಕ್ಕೆ ಹೆಚ್ಚಿನ ತೂಕ ಬಂತು. ಪ್ರತಿಯೊಬ್ಬನೂ ಒಬ್ಬ ಕುರುಬ, ತನ್ನ ಮಂದೆಗೆ ಅವನೇ ಹೊಣೆ ಎಂಬ ಆಶಯದ ಪ್ರವಾದಿ ವಚನವೊಂದು ಬಹಳ ಪ್ರಸಿದ್ಧ. ರಾಜ ‘ರಾಈ’ ಆದಾಗ ಪ್ರಜೆಗಳು ‘ರಇಯ್ಯತ್’ ಆದರು. ಆಟೊಮನ್ ತುರ್ಕರ ಸಾಮ್ರಾಜ್ಯದಲ್ಲಿ ತೆರಿಗೆ ತೆರುವ ಜನಸಾಮಾನ್ಯರ ಅಧಿಕೃತ ಹೆಸರೇ ‘ರಆಯಾ’, ಅಂದರೆ ಮಂದೆಗಳು. ಮತ್ತು ರಾಜ ಅವರ ಬಗ್ಗೆ ತೋರಬೇಕಾದ ಕಾಳಜಿ ‘ರಿಆಯತ್’.

ಇಷ್ಟು ಹೇಳಿದ ಮೇಲೆ ‘ರಇಯ್ಯತ್’ ನಮ್ಮಲ್ಲಿ ಏನಾಯಿತೆಂದು ಬಿಡಿಸಿ ಹೇಳಬೇಕಿಲ್ಲ. ಅದೇ ‘ರೈತ’. ರೈತ ಮತ್ತು ರಿಯಾಯಿತಿ ಒಂದೇ ತಾಯಿಯ ಮಕ್ಕಳು. ಕನ್ನಡದಲ್ಲಿ ಬೇಸಾಯಗಾರನಿಗೆ ಹೆಸರಿಗೇನೂ ಬರವಿರಲಿಲ್ಲ. ಒಕ್ಕಲಿಗ ಇದ್ದ, ಆರಂಬಗಾರ ಇದ್ದ. ಆದರೂ ಆಡಳಿತದ ಕಾಗದಗಳಲ್ಲಿ ಗೆದ್ದದ್ದು ಹೊರಗಿನಿಂದ ಬಂದ ರೈತ. ಬಹಮನಿ ಮತ್ತು ಬಿಜಾಪುರದ ಆದಿಲಶಾಹಿ ದರ್ಬಾರುಗಳಿಂದ, ಮೊಗಲರ ಶಿರಾ ಸುಬಾದಿಂದ, ಹೈದರ್ ಮತ್ತು ಟಿಪ್ಪುವಿನ ಮೈಸೂರಿನಿಂದ ಕಂದಾಯದ ಭಾಷೆ ಪಾರಸಿ ಪದಗಳನ್ನು ಹೊತ್ತು ಊರೂರಿಗೆ ಇಳಿಯಿತು. ಜಮೀನು, ಜಮಾಬಂದಿ, ತಗಾದೆ, ಜಪ್ತಿ, ಶಿರಸ್ತೇದಾರ, ಅಮಲ್ದಾರ: ಈ ಪದಗಳ ದಂಡಿನಲ್ಲೇ ರೈತನೂ ಬಂದ. ಆಮೇಲೆ ಬಂದ ಬ್ರಿಟಿಷರು ಅವನನ್ನು ಹಾಗೇ ಉಳಿಸಿಕೊಂಡರು. ಬಳ್ಳಾರಿಯನ್ನೂ ಒಳಗೊಂಡು ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದ ‘ದತ್ತ ಜಿಲ್ಲೆ’ಗಳಲ್ಲಿ ಥಾಮಸ್ ಮನ್ರೋ 1800ರಿಂದ 1807ರವರೆಗೆ ಮುಖ್ಯ ಕಲೆಕ್ಟರ್ ಆಗಿದ್ದು ಬೇರೂರಿಸಿದ ಕಂದಾಯ ಪದ್ಧತಿಯ ಹೆಸರೇ ರೈತವಾರಿ. 1980ರಲ್ಲಿ ನರಗುಂದ, ನವಲಗುಂದದ ರೈತ ಬಂಡಾಯದ ಕಾವಿನಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು. ಆ ಹೊತ್ತಿಗೆ ಮಂದೆ ಎಂಬ ಅರ್ಥದ ಪದ ತಲೆಯೆತ್ತಿ ಎದುರು ನಿಲ್ಲುವ ಮನುಷ್ಯನ ಹೆಸರಾಗಿತ್ತು. ಪದವೊಂದು ತನ್ನ ಹುಟ್ಟನ್ನು ಹೀಗೆ ಮೀರಿದ ಉದಾಹರಣೆ ಕನ್ನಡದಲ್ಲಿ ಹೆಚ್ಚಿಲ್ಲ ಎಂದೇ ನನ್ನ ನಂಬಿಕೆ.

ರಿಯಾಯಿತಿಯ ದಾರಿ ಬೇರೆ. ಪಾರಸಿ, ಉರ್ದುವಿನಲ್ಲಿ ಅದು ಕಾಳಜಿಯಿಂದ ಪರಿಗಣನೆಗೆ, ಪರಿಗಣನೆಯಿಂದ ಸಡಿಲಿಕೆಗೆ ಸರಿಯಿತು. ಒಬ್ಬರ ವಯಸ್ಸು, ಸ್ಥಾನ, ಸಂಕಟ ನೋಡಿ ನಿಯಮವನ್ನು ಸ್ವಲ್ಪ ಬಾಗಿಸುವುದು ರಿಯಾಯತ್. ಉರ್ದು ಕಾವ್ಯಮೀಮಾಂಸೆಯಲ್ಲಿ ‘ರಿಆಯತೆ ಲಫ್ಜಿ’ ಎಂಬ ಪರಿಭಾಷೆಯೇ ಇದೆ. ಪದ್ಯದ ಒಂದು ಪದ ಇನ್ನೊಂದು ಪದದ ಅರ್ಥಪರಿಸರವನ್ನು ಗಮನದಲ್ಲಿಟ್ಟುಕೊಂಡು ಬರುವ ಚಮತ್ಕಾರ ಅದು. ಪದಗಳೂ ಒಂದನ್ನೊಂದು ನೋಡಿಕೊಳ್ಳುತ್ತವೆ ಎಂಬ ಆ ಕಲ್ಪನೆಯಲ್ಲಿ ಹಳೆಯ ಕುರುಬನ ಕಣ್ಣು ಇನ್ನೂ ತೆರೆದೇ ಇದೆ.

ಕಂದಾಯದ ಲೆಕ್ಕಪುಸ್ತಕಗಳಲ್ಲಿ ಈ ಪದದ ಬಾಳು ಅಷ್ಟು ಸೊಗಸಾಗಿರಲಿಲ್ಲ. ಹದಿನೇಳು, ಹದಿನೆಂಟನೆಯ ಶತಮಾನಗಳ ಪೂರ್ವ ರಾಜಸ್ಥಾನದ ದಾಖಲೆಗಳನ್ನು ಓದಿದ ಚರಿತ್ರಕಾರರು ಊರಿನ ಬೇಸಾಯಗಾರರಲ್ಲಿ ಎರಡು ಮುಖ್ಯ ವರ್ಗಗಳನ್ನು ಗುರುತಿಸಿದ್ದಾರೆ. ಪೂರ್ತಿ ದರದ ಕಂದಾಯ ಕಟ್ಟುವವರು ‘ರೈಯತಿ’. ಕಡಿಮೆ ದರದವರು ‘ರಿಯಾಯತಿ’. ಕಡಿಮೆ ದರ ಯಾರಿಗೆ ಸಿಗುತ್ತಿತ್ತು? ಊರ ಪಟೇಲರಿಗೆ, ಪಟವಾರಿಗಳಿಗೆ, ಬ್ರಾಹ್ಮಣರಿಗೆ, ರಜಪೂತರಿಗೆ. ಒಂದೇ ಧಾತುವಿನ ಎರಡು ಪದಗಳು ಒಂದೇ ಊರಿನಲ್ಲಿ ಗೋಡೆಯ ಎರಡು ಬದಿಗೆ ನಿಂತವು. ಮಂದೆ ಪೂರ್ತಿ ಕಟ್ಟಿತು, ಮಂದೆಗೆ ಸಲ್ಲಬೇಕಿದ್ದ ಕಾಳಜಿ ಮೊದಲೇ ಉಳ್ಳವರ ಪಾಲಾಯಿತು. ಈ ಪದದ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಘಟ್ಟವೇ. ರಿಯಾಯಿತಿ ಎಂದು ಎಲ್ಲಿ ಬರೆದಿದ್ದರೂ ಕೇಳಬೇಕಾದ ಪ್ರಶ್ನೆ ಅಲ್ಲಿಂದ ಹುಟ್ಟುತ್ತದೆ: ಇದು ಯಾರಿಗೆ ಸಿಗುತ್ತಿದೆ, ಇದರ ಭಾರ ಯಾರ ಮೇಲೆ?

ಅಂಗಡಿಗೆ ಬರೋಣ. ಬೆಲೆಪಟ್ಟಿ ಇಲ್ಲದ ಕಾಲದ ವ್ಯಾಪಾರದಲ್ಲಿ ರಿಯಾಯಿತಿ ಎಂದರೆ ಇಬ್ಬರು ಮನುಷ್ಯರ ನಡುವಿನ ಸಂಗತಿ. ಅದಕ್ಕೆ ಕನ್ನಡದ್ದೇ ಆದ ಪದಗಳೂ ಇವೆ. ಅಳೆದು ಕೊಟ್ಟ ಮೇಲೆ ಕೈತುಂಬ ಮೇಲೆ ಹಾಕುವುದು ಕೊಸರು. ಅದನ್ನು ಕೇಳಿ ಪಡೆಯುವ ಜಗ್ಗಾಟ ಕೊಸರಾಟ. ಬಟ್ಟೆ ಅಂಗಡಿಯಲ್ಲಿ ಮೊಳ ಹಾಕಿ ಅಳೆಯುವಾಗ ಕೊನೆಯಲ್ಲಿ ನಾಲ್ಕು ಬೆರಳು ಹೆಚ್ಚು ಬಿಟ್ಟು ಹರಿಯುವುದೂ ಕೊಸರೇ. ಬೆಲೆಯನ್ನು ಇಳಿಸಿಕೊಳ್ಳಲು ಗಿರಾಕಿ ಬಳಸುವ ಮಾತು ಇನ್ನೂ ಚೆಂದ. ‘ಸ್ವಲ್ಪ ನೋಡ್ಕೊಂಡು ಹಾಕಿ’ ಎನ್ನುತ್ತಾರೆ. ಕಡಿಮೆ ಮಾಡಿ ಎಂದು ನೇರವಾಗಿ ಹೇಳುವ ಬದಲು ನೋಡಿಕೊಳ್ಳಿ ಎನ್ನುತ್ತಾರೆ. ಮಗುವನ್ನು ನೋಡಿಕೊಳ್ಳುವ, ಮುದುಕರನ್ನು ನೋಡಿಕೊಳ್ಳುವ ಅದೇ ಕ್ರಿಯೆ. ಅರಬ್ಬಿಯ ರಿಆಯತ್ತಿಗೂ ಕನ್ನಡದ ಈ ನೋಡಿಕೊಳ್ಳುವಿಕೆಗೂ ನಂಟಿಲ್ಲ, ಒಂದು ಇನ್ನೊಂದರ ಅನುವಾದವೂ ಅಲ್ಲ. ಆದರೂ ಆ ಪದವನ್ನು ಬೆಲೆಯ ಮಾತಿಗೆ ತಂದವರೂ ಕನ್ನಡದ ಗಿರಾಕಿಗಳೂ ಬೆಲೆ ಇಳಿಸುವುದನ್ನು ಕಣ್ಣಿಟ್ಟು ಕಾಯುವ ಕೆಲಸವಾಗಿ ಕಂಡರು. ಕೊಡುವವನು ಕೊಳ್ಳುವವಳ ಮುಖ ನೋಡಬೇಕು, ಅವಳ ಕೈಯಲ್ಲಿರುವುದೆಷ್ಟು, ಮನೆಯಲ್ಲಿ ಮದುವೆಯೋ ತಿಥಿಯೋ ಎಂದು ತಿಳಿದಿರಬೇಕು. ತಿಳಿದ ಮೇಲೆ ಬಾಯಿಂದ ಬರುವ ಬೆಲೆಯೇ ರಿಯಾಯಿತಿಯದ್ದು.

ಮುಖ ನೋಡಿ ಕೊಡುತ್ತಿದ್ದ ಈ ಸಡಿಲಿಕೆ ಪಂಚಾಂಗ ನೋಡಿ ಕೊಡುವ ಮಾರಾಟವಾಗಿ ಬದಲಾಗಲು ಒಂದು ಹೊಸ ಪದ್ಧತಿ ಬೇಕಾಯಿತು. ಎಲ್ಲರಿಗೂ ಒಂದೇ ಬೆಲೆ, ಅದೂ ಚೀಟಿಯಲ್ಲಿ ಬರೆದ ಬೆಲೆ. ಇದು ದೊಡ್ಡ ಪ್ರಮಾಣದಲ್ಲಿ ನಡೆದ ಜಾಗಗಳಲ್ಲಿ ಅಮೆರಿಕದ ‘ಡ್ರೈ ಗೂಡ್ಸ್’ ಅಂಗಡಿಗಳು ಮುಖ್ಯ. ಒಣ ಸರಕು ಎಂದರೆ ಅಲ್ಲಿ ಬಟ್ಟೆ, ನೂಲು, ಗುಂಡಿ, ರಿಬ್ಬನ್ನು, ಲೇಸು. ಮದ್ಯ, ಕಾಕಂಬಿಗಳಂಥ ದ್ರವ ಸರಕಿನಿಂದ ಬೇರ್ಪಡಿಸಲು ಹುಟ್ಟಿದ ಹೆಸರು. ಐರ್ಲೆಂಡಿನಿಂದ ಬಂದ ಅಲೆಗ್ಸಾಂಡರ್ ಸ್ಟೂವರ್ಟ್ 1823ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಇಂಥ ಅಂಗಡಿ ತೆರೆದ. ಮೊದಲ ಸರಕಿನಲ್ಲಿ ಇದ್ದದ್ದು ತನ್ನ ನಾಡಿನ ಲಿನನ್ ಮತ್ತು ಲೇಸು. 1846ರಲ್ಲಿ ಅವನು ಕಟ್ಟಿಸಿದ ಅಮೃತಶಿಲೆಯ ಮಳಿಗೆಯನ್ನು ಊರಿನವರು ‘ಮಾರ್ಬಲ್ ಪ್ಯಾಲೇಸ್’ ಎಂದೇ ಕರೆದರು. ಚೌಕಾಸಿಯನ್ನು ಬಿಟ್ಟು ಒಂದೇ ಬೆಲೆ ಎಂಬ ನಿಯಮವನ್ನು ಅಷ್ಟು ದೊಡ್ಡ ವ್ಯಾಪಾರಕ್ಕೆ ಅನ್ವಯಿಸಿದ ಮೊದಲಿಗರಲ್ಲಿ ಅವನೊಬ್ಬ. ಆಮೇಲೆ ಮೇಸಿಯವರ ಮಳಿಗೆ 1858ರಲ್ಲಿ ಬಂತು. 1878ರ ಜನವರಿಯಲ್ಲಿ ಫಿಲಡೆಲ್ಫಿಯಾದ ಜಾನ್ ವಾನಮೇಕರ್, ಹಬ್ಬ ಮುಗಿದು ಅಂಗಡಿ ಭಣಗುಟ್ಟುವ ಚಳಿಗಾಲದಲ್ಲಿ ಬಿಳಿ ಬಟ್ಟೆಗಳ ಕಡಿತದ ಮಾರಾಟ ಶುರುಮಾಡಿದ. ಬೆಲೆ ಚೀಟಿಯ ಮೇಲೆ ಗಟ್ಟಿಯಾಗಿ ನಿಂತಾಗ ಮಾತ್ರ ಅದನ್ನು ಎಲ್ಲರೆದುರು ಹೊಡೆದುಹಾಕಿ ಕೆಳಗೆ ಇನ್ನೊಂದು ಬರೆಯಲು ಸಾಧ್ಯ. ಗಿರಾಕಿ ಯಾರೆಂದು ಇನ್ನು ನೋಡಬೇಕಾಗಿಲ್ಲ. ನೋಡಬೇಕಾದದ್ದು ತಿಂಗಳು ಯಾವುದೆಂದು.

ನಮ್ಮಲ್ಲಿ ಆ ತಿಂಗಳು ಆಷಾಢ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸದಾಗಿ ಮದುವೆಯಾದ ಹೆಣ್ಣು ತವರಿಗೆ ಹೋಗಿರುತ್ತಾಳೆ. ಜವಳಿ ವ್ಯಾಪಾರಕ್ಕೆ ವರ್ಷದಲ್ಲೇ ಸಪ್ಪೆ ಕಾಲ. ಮುಂದೆ ಶ್ರಾವಣ ಬಂದರೆ ವರಮಹಾಲಕ್ಷ್ಮಿ, ಗೌರಿ ಗಣೇಶ, ನವರಾತ್ರಿ ಎಂದು ಸೀರೆಗೆ ಸಾಲು ಹಬ್ಬ. ಅಷ್ಟರೊಳಗೆ ಹಳೆಯ ಮಾಲು ಖಾಲಿಯಾಗಬೇಕು, ಕಪಾಟು ಹೊಸದಕ್ಕೆ ತೆರವಾಗಬೇಕು. ತಮಿಳುನಾಡಿನ ಆಡಿ ತಿಂಗಳ ಮಾರಾಟದ ಲೆಕ್ಕವೂ ಇದೇ. ಅಲ್ಲಿ ಬರೆಯುವ ಪದ ‘ತಳ್ಳುಪಡಿ’. ತಳ್ಳು ಎಂಬ ಕ್ರಿಯೆಯಿಂದ ಆದದ್ದು. ಸಾಲ ಮನ್ನಾಕ್ಕೂ ಅವರು ಅದನ್ನೇ ಬಳಸುತ್ತಾರೆ. ಸೀರೆಯ ಬೆಲೆಯನ್ನೂ ರೈತನ ಸಾಲವನ್ನೂ ಒಂದೇ ಪದ ತಳ್ಳಿಹಾಕುತ್ತದೆ. ಮರಾಠಿಯವರು ಅಂಗಡಿಗೆ ‘ಸೂಟ್’, ಸರ್ಕಾರಕ್ಕೆ ‘ಸವಲತ್’ ಎಂದು ಬೇರೆ ಬೇರೆ ಇಟ್ಟುಕೊಂಡರು. ಆ ಸವಲತ್ ನಮ್ಮಲ್ಲಿ ಸವಲತ್ತಾಗಿ ಸೌಕರ್ಯ ಎಂಬ ಅರ್ಥ ಪಡೆದಿದೆ. ತೆಲುಗಿನಲ್ಲಿ ಆದದ್ದು ನನಗೆ ಎಲ್ಲಕ್ಕಿಂತ ಹಿಡಿಸುತ್ತದೆ. ರಿಆಯತ್ ಅಲ್ಲಿ ಸವೆದು ‘ರಾಯಿತೀ’ ಆಯಿತು, ಮತ್ತು ಸಬ್ಸಿಡಿಗೆ ನಿತ್ಯದ ಪದವಾಯಿತು. ರೈತರಿಗೆ ಬೀಜ, ಗೊಬ್ಬರದ ರಾಯಿತೀ ಎಂದು ತೆಲುಗು ಪತ್ರಿಕೆಗಳು ಬರೆಯುವಾಗ ಮಂದೆಯೂ ಮಂದೆಯ ಕಾಳಜಿಯೂ ಒಂದೇ ಸಾಲಿನಲ್ಲಿ ಮತ್ತೆ ಜೊತೆಗೂಡುತ್ತವೆ. ರಾಜಸ್ಥಾನದ ಆ ಲೆಕ್ಕಪುಸ್ತಕಗಳಲ್ಲಿ ದೂರವಾಗಿದ್ದ ಪದಗಳು ಇವೇ.

ಇನ್ನು ಭಾರ ಯಾರ ಮೇಲೆ ಎಂಬ ಆ ಪ್ರಶ್ನೆ. ಬ್ಯಾನರಿನ ಮೇಲೆ ಶೇ. 50 ಎಂದು ದೊಡ್ಡದಾಗಿ, ‘ವರೆಗೆ’ ಎಂದು ಅದರ ಮಗ್ಗುಲಲ್ಲಿ ಸಣ್ಣದಾಗಿ ಬರೆದಿರುತ್ತಾರೆ. ಆ ಅರ್ಧ ಬೆಲೆಯನ್ನು ಬಿಟ್ಟುಕೊಟ್ಟವರು ಯಾರು? ಕೆಲವು ಸಲ ಅಂಗಡಿಯವರೇ. ಉಳಿದ ಮಾಲಿನಲ್ಲಿ ಸಿಕ್ಕಿಬಿದ್ದ ಬಂಡವಾಳ ಬಿಡಿಸಿಕೊಳ್ಳಲು ಲಾಭ ಬಿಡುತ್ತಾರೆ, ಅದು ನ್ಯಾಯವೇ. ಆದರೆ ರಿಯಾಯಿತಿ ಎಂಬ ಪದಕ್ಕೆ ಪೂರ್ತಿ ಒಪ್ಪುವ ಮಾರಾಟ ಒಂದಿತ್ತು. ಅದು ಖಾದಿಯ ರಿಬೇಟು. ಗಾಂಧಿ ಜಯಂತಿಯಿಂದ ಆರಂಭಿಸಿ ಕೊಡುತ್ತಿದ್ದ ಆ ಕಡಿತದ ಹಣವನ್ನು ಸರ್ಕಾರ ಭರಿಸುತ್ತಿತ್ತು. ಕೊಳ್ಳುವವನಿಗೆ ಬೆಲೆ ಇಳಿಯುತ್ತಿತ್ತು, ನೂಲುವವಳ ಕೂಲಿ ಇಳಿಯುತ್ತಿರಲಿಲ್ಲ. 2010ರ ಸುಮಾರಿಗೆ ರಿಬೇಟಿನ ಜಾಗಕ್ಕೆ ಮಾರುಕಟ್ಟೆ ಅಭಿವೃದ್ಧಿ ನೆರವು ಬಂತು. ಅದರಲ್ಲಿ ಒಂದು ಪಾಲನ್ನು ನೂಲುವ, ನೇಯುವ ಕೈಗಳಿಗೇ ಎಂದು ಎತ್ತಿಟ್ಟರು. ಕಾಯುವುದು ಯಾರನ್ನು ಎಂಬುದು ಅಲ್ಲಿ ಸ್ಪಷ್ಟವಿತ್ತು.

ಲೇಸಿನ ವಿಷಯದಲ್ಲಿ ಅದು ಅಷ್ಟು ಸ್ಪಷ್ಟವಿಲ್ಲ. ಇಂಗ್ಲೆಂಡಿನ ಜಾನ್ ಹೀತ್‌ಕೋಟ್ 1809ರಲ್ಲಿ ಲೇಸಿನ ಬಲೆ ಹೆಣೆಯುವ ಯಂತ್ರಕ್ಕೆ ಪೇಟೆಂಟು ಪಡೆಯುವ ತನಕ ಲೇಸು ಬಹುಮಟ್ಟಿಗೆ ಕೈಯಿಂದಲೇ ಬರಬೇಕಿತ್ತು. ಯಂತ್ರ ಬಂದಮೇಲೆ ಬೆಲೆ ಕುಸಿಯಿತು. 1816ರಲ್ಲಿ ಲಡೈಟರೆಂಬ ಯಂತ್ರವಿರೋಧಿ ಕೆಲಸಗಾರರು ಲಫ್‌ಬರೋದ ಅವನ ಗಿರಣಿಗೆ ನುಗ್ಗಿ 55 ಯಂತ್ರಗಳನ್ನು ಒಡೆದರು. ನಮ್ಮ ಮಗ್ಗುಲಿನ ಆಂಧ್ರದ ನರಸಾಪುರದಲ್ಲಿ ಮಾತ್ರ ಕೊಕ್ಕೆಸೂಜಿಯ ಲೇಸು ಕೈಯಲ್ಲೇ ಉಳಿಯಿತು. ಮಿಷನರಿಗಳು ಕಲಿಸಿದ ಆ ಕೆಲಸವನ್ನು ಗೋದಾವರಿ ಬಯಲಿನ ಸಾವಿರಾರು ಹೆಂಗಸರು ಮನೆಯ ಜಗಲಿಯಲ್ಲಿ ಕೂತು ಮಾಡಿದರು, ಮಾಲು ವಿದೇಶದ ಮಾರುಕಟ್ಟೆಗೆ ಹೋಯಿತು. ಜರ್ಮನಿಯ ಸಮಾಜವಿಜ್ಞಾನಿ ಮಾರಿಯಾ ಮೀಸ್ 1982ರಲ್ಲಿ ಅವರ ಬಗ್ಗೆ ಬರೆದ ಪುಸ್ತಕದ ಮುಖ್ಯ ಮಾತೇ ಇದು: ದಿನವಿಡೀ ಹೆಣೆಯುವ ಈ ಹೆಂಗಸರನ್ನು ಕೆಲಸಗಾರರೆಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಮನೆಯಲ್ಲಿದ್ದು ಬಿಡುವಿನಲ್ಲಿ ಹೆಣೆಯುವ ಗೃಹಿಣಿಯರೆಂದು ಹೇಳಿ ಕೂಲಿಯನ್ನು ತೀರ ಕೆಳಗಿಟ್ಟರು. ಹಾಗೆ ಹೆಣೆದ ಲೇಸು ಯಾವುದೋ ಊರಿನ ಮೇಜಿನ ಮೇಲೆ ಗುಡ್ಡೆ ಬಿದ್ದು ಅರ್ಧ ಬೆಲೆಗೆ ಹೋದರೆ, ಆ ಅರ್ಧವನ್ನು ಅಂಗಡಿಗಿಂತ ಮುಂಚೆಯೇ ತೆತ್ತವಳು ಅವಳು.

ಕನ್ನಡದಲ್ಲಿ ಈ ಪದದ ಹಳೆಯ ಅರ್ಥ ಅಳಿದಿಲ್ಲ. ಪರೀಕ್ಷೆಯ ಅಕ್ರಮವೋ ಲಂಚದ ಪ್ರಕರಣವೋ ಹೊರಬಿದ್ದಾಗ ತಪ್ಪಿತಸ್ಥರಿಗೆ ಯಾವ ರಿಯಾಯಿತಿಯನ್ನೂ ತೋರುವುದಿಲ್ಲ ಎಂದು ಮಂತ್ರಿಗಳು ಹೇಳುತ್ತಾರೆ. ಅಲ್ಲಿ ಹಣದ ಮಾತಿಲ್ಲ, ಕನಿಕರದ ಮಾತು. ಶಾಲೆ ತೆರೆಯುವ ಜೂನ್‌ನಲ್ಲಿ ಹಳ್ಳಿಯ ಮಕ್ಕಳು ವಿದ್ಯಾರ್ಥಿ ರಿಯಾಯಿತಿ ಬಸ್ ಪಾಸಿಗೆ ಸಾಲು ನಿಲ್ಲುತ್ತಾರೆ. ಹಿರಿಯ ನಾಗರಿಕರಿಗೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಶೇ. 25ರ ರಿಯಾಯಿತಿ ಇದೆ. ರೈಲಿನಲ್ಲಿ 60 ದಾಟಿದ ಗಂಡಸರಿಗೆ ಶೇ. 40, 58 ದಾಟಿದ ಹೆಂಗಸರಿಗೆ ಶೇ. 50 ಇತ್ತು. 2020ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿದಾಗ ಜನ ನೊಂದುಕೊಂಡದ್ದು ಬರೀ ದುಡ್ಡಿಗಲ್ಲ. ಆಷಾಢದ ಮಾರಾಟ ಮುಗಿದರೆ ಯಾರೂ ನೊಂದುಕೊಳ್ಳುವುದಿಲ್ಲ. ರೈಲಿನ ರಿಯಾಯಿತಿ ನಿಂತಾಗ ತಮ್ಮನ್ನು ನೋಡಿಕೊಳ್ಳುವ ಒಂದು ಕಣ್ಣು ಮುಚ್ಚಿತೆಂದು ಮುದುಕರಿಗೆ ಅನ್ನಿಸಿತು. ಮಾತಾಡುವವರಿಗೆ ಅರಬ್ಬಿ ಗೊತ್ತಿರಬೇಕಿಲ್ಲ, ಅರ್ಥ ಪದದೊಳಗೆ ತಾನಾಗಿ ಕೂತಿರುತ್ತದೆ.

ಪದದ ತವರಿನಲ್ಲಿ ಏನಾಗಿದೆ ಎಂಬುದನ್ನು ಮಂಗಳೂರು, ಉಡುಪಿ, ಭಟ್ಕಳಗಳಿಂದ ಕೊಲ್ಲಿ ದೇಶಗಳಿಗೆ ಹೋಗಿ ದುಡಿಯುತ್ತಿರುವ ನಮ್ಮವರು ದಿನಾ ನೋಡುತ್ತಾರೆ. ದುಬೈ, ದೋಹಾದ ಮಾಲುಗಳಲ್ಲಿ ಬಟ್ಟೆಗಳ ಕಡಿತದ ಮಾರಾಟಕ್ಕೆ ಅರಬ್ಬಿಯಲ್ಲಿ ‘ತನ್ಜೀಲಾತ್’ ಎಂದು ಬರೆದಿರುತ್ತಾರೆ. ಇಳಿಸಿದವು ಎಂದಷ್ಟೇ ಅರ್ಥ. ‘ತಖ್ಫೀದಾತ್’ ಎಂದೂ ಉಂಟು, ಅದೂ ಇಳಿಕೆಯೇ. ನಮ್ಮ ರಿಯಾಯಿತಿಯ ಮೂಲರೂಪ ಅಂಗಡಿಯ ಆ ಬ್ಯಾನರುಗಳಲ್ಲಿ ಕಾಣಿಸುವುದಿಲ್ಲ. ಅದನ್ನು ಕಾಣಬೇಕಾದರೆ ಆಸ್ಪತ್ರೆಯ ಕಡೆ ಹೋಗಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಫಲಕದಲ್ಲಿ ‘ರಿಆಯ ಸಿಹ್ಹಿಯ್ಯ’, ಆರೋಗ್ಯದ ಕಾಳಜಿ, ಎಂದಿರುತ್ತದೆ. ವೃದ್ಧರ ಶುಶ್ರೂಷೆಗೂ ಮಕ್ಕಳ ಪಾಲನೆಗೂ ಅಲ್ಲಿ ಅದೇ ಪದ.